ಏಳು ದಿನದ ಸಲಿಗೆ

ನಮಸ್ಕಾರ.

ಕೆಲವು ವರ್ಷ ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಎಲ್ಲ ಹುಡುಗರಿಗೂ ಸೇರಿ ಒಂದೇ ಲಿನಕ್ಸ್ ಸರ್ವರ್. ಒಂದು ಸೋಮವಾರ ಬೆಳಿಗ್ಗೆ ಯಾರಿಗೂ ಫೈಲ್ ಸೇವ್ ಆಗುತ್ತಿಲ್ಲ. ನೋಡಿದರೆ ಡಿಸ್ಕ್ ಪೂರ್ತಿ ಭರ್ತಿ! ಒಬ್ಬ ಹುಡುಗ ಶುಕ್ರವಾರ ಸಂಜೆ ಏನೋ ಪ್ರೋಗ್ರಾಂ ಓಡಿಸಿ ಊರಿಗೆ ಹೋಗಿದ್ದ. ಅದು ಎರಡು ದಿನ ಸುಮ್ನೆ ಲಾಗ್, ಅಂದರೆ ತಾನು ಮಾಡಿದ್ದರ ದಾಖಲೆ, ಬರೆಯುತ್ತಲೇ ಕೂತಿತ್ತು. ಪಾಪ, ಅವನಿಗೆ ಗೊತ್ತೇ ಇಲ್ಲ.

ತಪ್ಪು ನನ್ನದು. ನಾನು ಕೋಟಾ, ಅಂದರೆ ಒಬ್ಬೊಬ್ಬರು ಡಿಸ್ಕಿನಲ್ಲಿ ಎಷ್ಟು ಜಾಗ ಬಳಸಬಹುದೆಂಬ ಮಿತಿ, ಹಾಕಿರಲಿಲ್ಲ.

ಡಿಸ್ಕ್ ಕೋಟಾ ಹೊಸದೇನಲ್ಲ. 1983ರಲ್ಲಿ ಬಂದ ಬರ್ಕ್ಲಿ ಯುನಿಕ್ಸ್ 4.2 ಎಂಬ ಆಪರೇಟಿಂಗ್ ಸಿಸ್ಟಂನಲ್ಲೇ ಇತ್ತು. ಮೆಲ್ಬರ್ನ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್ಜ್ ಕೊಟ್ಟ ಕೋಡ್ ಅದು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಎರಡು ಗೆರೆ ಎಳೆಯುವ ಉಪಾಯ. ಸಾಫ್ಟ್ ಲಿಮಿಟ್ 4 ಜಿಬಿ, ಹಾರ್ಡ್ ಲಿಮಿಟ್ 5 ಜಿಬಿ ಅಂತಿಟ್ಟುಕೊಳ್ಳಿ. 4 ದಾಟಿದರೂ ಕೆಲಸ ನಿಲ್ಲುವುದಿಲ್ಲ, ಆದರೆ ಗಡುವು ಓಡಲು ಶುರುವಾಗುತ್ತದೆ. ನಾವೇನೂ ಬದಲಿಸದಿದ್ದರೆ ಲಿನಕ್ಸ್‌ನಲ್ಲಿ ಅದು 7 ದಿನ. ಅಷ್ಟರೊಳಗೆ ಬೇಡದ್ದನ್ನು ಅಳಿಸಿ 4ರ ಕೆಳಗೆ ಬಂದರೆ ಗಡುವೂ ರದ್ದು. ಬರದಿದ್ದರೆ 5 ಮುಟ್ಟದಿದ್ದರೂ ಹೊಸದಾಗಿ ಬರೆಯಲು ಬಿಡುವುದಿಲ್ಲ. ಇದ್ದ ಫೈಲುಗಳನ್ನು ಮಾತ್ರ ಅದು ಮುಟ್ಟುವುದೇ ಇಲ್ಲ. ಪ್ರಾಜೆಕ್ಟ್ ಕೊಡುವ ವಾರದಲ್ಲಿ ಹುಡುಗರಿಗೆ ಇಷ್ಟು ಸಲಿಗೆ ಬೇಕು, ಅಲ್ವಾ?

ಜಾಗಕ್ಕೆ ಮಾತ್ರವಲ್ಲ, ಫೈಲುಗಳ ಸಂಖ್ಯೆಗೂ ಮಿತಿ ಹಾಕಬಹುದು. ಲಕ್ಷಗಟ್ಟಲೆ ಪುಟ್ಟ ಪುಟ್ಟ ಫೈಲುಗಳಾದರೆ ಜಾಗ ಉಳಿದಿದ್ದರೂ ಐನೋಡ್ (ಪ್ರತಿ ಫೈಲಿನ ವಿವರ ಇಡುವ ದಾಖಲೆ) ಖಾಲಿಯಾಗುತ್ತದೆ.

ಇನ್ನೊಂದು ತಮಾಷೆ. ಲೆಕ್ಕ ಹಿಡಿಯುವುದು ಫೈಲಿನ ಒಡೆಯನ ಮೇಲೆ, ಫೋಲ್ಡರಿನ ಮೇಲಲ್ಲ. ಜಾಣನೊಬ್ಬ ತನ್ನ ಸಿನಿಮಾಗಳನ್ನೆಲ್ಲ ಗೆಳೆಯನ ಫೋಲ್ಡರಿಗೆ ಸಾಗಿಸಿದ. ಡಿಸ್ಕ್ ಅದೇ, ಒಡೆಯ ಅವನೇ. ಲೆಕ್ಕ ಒಂದಿಷ್ಟೂ ಇಳಿಯಲಿಲ್ಲ.

ಹಾಕುವುದು ಕಷ್ಟವಲ್ಲ. ಡಿಸ್ಕ್ ಮೌಂಟ್ ಮಾಡುವಾಗ, ಅಂದರೆ ಸಿಸ್ಟಂಗೆ ಜೋಡಿಸುವಾಗ, ಕೋಟಾ ಬೇಕೆಂದು ಹೇಳಿ, ಒಬ್ಬರಿಗೆ ಮಿತಿ ಬರೆದು, ಅದನ್ನೇ ಉಳಿದವರಿಗೆ ನಕಲು ಮಾಡಿದೆ. ಪ್ರತಿ ಶುಕ್ರವಾರ ಎಲ್ಲರ ಬಳಕೆಯ ಪಟ್ಟಿ ಕೊಡುವ ರೆಪ್‌ಕೋಟಾ ಕಮಾಂಡ್ ಓಡಿಸಿ, ಯಾರ ಹೆಸರಿನ ಮುಂದೆ ಮಿತಿ ದಾಟಿದ ಪ್ಲಸ್ ಗುರುತಿದೆಯೋ ಅವರನ್ನು ಕರೆದು ಹೇಳುತ್ತಿದ್ದೆ.

ಆಮೇಲೂ ಒಮ್ಮೆ ಆ ಡಿಸ್ಕ್ ತುಂಬಿತು. ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರನಿಗೆ ಕೋಟಾ ತಟ್ಟುವುದಿಲ್ಲ ನೋಡಿ. ಬ್ಯಾಕಪ್ಪನ್ನು ರೂಟ್ ಆಗಿ ಅದೇ ಡಿಸ್ಕಿಗೆ ಸುರಿದಿದ್ದವನು ನಾನೇ.

ನಮಸ್ಕಾರ.