ಉಸ್ತುವಾರಿಯೋ, ಯಜಮಾನಿಕೆಯೋ?

ನಮಸ್ಕಾರ. ಈ ಹೊತ್ತಿಗೆ ಡೇರಿಗೆ ಹಾಲು ಹಾಕಿ ಬಂದು, ಕಾಫಿ ಲೋಟ ಹಿಡಿದು ರೇಡಿಯೋ ಪಕ್ಕ ಕೂತಿರುತ್ತೀರಿ. ಬಿಳಿಯರ ಸರ್ಕಾರಗಳು ಮೂಲನಿವಾಸಿಗಳ ಜೊತೆ ಮಾಡಿಕೊಂಡ ನೆಲದ ಒಪ್ಪಂದಗಳ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಎಲ್ಲವನ್ನೂ ಹೇಳಲು ಹೋದರೆ ನಿಮಗೆ ಒಂದೂ ನೆನಪಿರುವುದಿಲ್ಲ. ಇವತ್ತು ಒಂದೇ ಒಪ್ಪಂದ, ಅದರಲ್ಲೂ ಒಂದೆರಡು ಪದ. ಅಷ್ಟು ಸಾಕು.

ಜಾಗ ನ್ಯೂಜಿಲೆಂಡ್. ಬಿಳಿಯರು ಬರುವ ನೂರಾರು ವರ್ಷ ಮೊದಲಿನಿಂದ ಅಲ್ಲಿದ್ದವರು ಮಾವೊರಿ ಜನ. 1840ರ ಫೆಬ್ರುವರಿಯಲ್ಲಿ ಬ್ರಿಟಿಷ್ ರಾಣಿಯ ಪರವಾಗಿ ಕ್ಯಾಪ್ಟನ್ ವಿಲಿಯಂ ಹಾಬ್ಸನ್, ವೈತಂಗಿ ಅನ್ನುವ ಕಡಲತೀರದ ಜಾಗದಲ್ಲಿ ಮಾವೊರಿ ಮುಖಂಡರನ್ನು ಸೇರಿಸಿದ. ಒಪ್ಪಂದದ ಕರಡು ಇಂಗ್ಲಿಷಿನಲ್ಲಿತ್ತು. 4ನೇ ತಾರೀಖು ಸಂಜೆ ನಾಲ್ಕಕ್ಕೆ ಪಾದ್ರಿ ಹೆನ್ರಿ ವಿಲಿಯಮ್ಸನ ಕೈಗೆ ಅದನ್ನು ಕೊಟ್ಟು, ನಾಳೆ ಬೆಳಗ್ಗೆ ಹತ್ತಕ್ಕೆ ಮಾವೊರಿ ಅನುವಾದ ಬೇಕು ಅಂದರು. ಪಾದ್ರಿ ಮತ್ತು ಅವನ ಮಗ ಎಡ್ವರ್ಡ್ ರಾತ್ರಿ ಕೂತು ಮುಗಿಸಿದರು. ಮದುವೆ ಕಾಗದ ಅಚ್ಚಿಗೆ ಕೊಡುವಾಗಲೂ ನಾವು ಇದಕ್ಕಿಂತ ಜಾಸ್ತಿ ಹೊತ್ತು ಕರಡು ತಿದ್ದುತ್ತೇವೆ, ಅಲ್ವಾ?

ಈಗ ಆ ಪದಕ್ಕೆ ಬನ್ನಿ. ಇಂಗ್ಲಿಷ್ ಪ್ರತಿಯ ಮೊದಲ ಕಲಮಿನ ಪ್ರಕಾರ ಮುಖಂಡರು ತಮ್ಮ ದೊರೆತನವನ್ನು ಪೂರ್ತಿಯಾಗಿ ರಾಣಿಗೆ ಬಿಟ್ಟುಕೊಡುತ್ತಾರೆ. ಮಾವೊರಿ ಪ್ರತಿಯಲ್ಲಿ ಅದೇ ಜಾಗದಲ್ಲಿರುವುದು ‘ಕಾವನತಂಗ’. ಕಾವನ ಅಂದರೆ ಗವರ್ನರ್. ನಾವು ಹಾಸ್ಪಿಟಲನ್ನು ಆಸ್ಪತ್ರೆ ಮಾಡಿಕೊಂಡ ಹಾಗೆ ಅವರ ಬಾಯಲ್ಲಿ ಗವರ್ನರ್ ಕಾವನ ಆಗಿತ್ತು. ಕಾವನತಂಗ ಅಂದರೆ ಗವರ್ನರನ ಕೆಲಸ, ನಮ್ಮ ಮಾತಿನಲ್ಲಿ ಉಸ್ತುವಾರಿ. ಎರಡನೆಯ ಕಲಮಿನಲ್ಲಿ ನೆಲ, ಊರು, ಬೆಲೆಬಾಳುವ ಎಲ್ಲದರ ಮೇಲೂ ‘ರಂಗತಿರತಂಗ’ ಮಾವೊರಿಗಳಿಗೇ ಅಂತ ಬರೆದಿದೆ. ರಂಗತಿರ ಅಂದರೆ ಮುಖಂಡ. ರಂಗತಿರತಂಗ ಅಂದರೆ ಯಜಮಾನಿಕೆ.

ರಾಣಿಗೆ ಉಸ್ತುವಾರಿ, ನಮಗೆ ಯಜಮಾನಿಕೆ. ಅವರ ಕಿವಿಗೆ ಬಿದ್ದಿದ್ದು ಇದು. ತೋಟಕ್ಕೆ ರೈಟರನ್ನು ಇಟ್ಟುಕೊಂಡರೆ ತೋಟ ಅವನದಾಗುತ್ತದಾ?

ಆದರೂ ಒಂದು ಇಡೀ ದಿನ ವಾದ ನಡೆಯಿತು. ಗವರ್ನರ್ ಬೇಡ, ವಾಪಸ್ ಹೋಗು ಅಂತ ಹಲವರು ಮುಖಕ್ಕೇ ಹೇಳಿದರು. 6ನೇ ತಾರೀಖು ಸಹಿ ಶುರುವಾಯಿತು. ಕೆಲವರು ತಮ್ಮ ಮುಖದ ಹಚ್ಚೆಯ ಗೆರೆಗಳನ್ನೇ ಕಾಗದದ ಮೇಲೆ ಬರೆದರು. ಸಹಿ ಹಾಕಿದವರಿಗೆ ಎರಡೆರಡು ಕಂಬಳಿ, ಒಂದಿಷ್ಟು ಹೊಗೆಸೊಪ್ಪು. ಆಮೇಲೆ ಪ್ರತಿಗಳು ಊರೂರು ತಿರುಗಿ ಒಟ್ಟು ಸುಮಾರು 540 ಸಹಿ ಬಿದ್ದವು. ಅದರಲ್ಲಿ ಇಂಗ್ಲಿಷ್ ಪ್ರತಿಗೆ ಬಿದ್ದವು 39 ಮಾತ್ರ. ಉಳಿದವರೆಲ್ಲ ಒಪ್ಪಿದ್ದು ಉಸ್ತುವಾರಿಗೆ. ಇದನ್ನು ಇನ್ನೊಂದು ಸಲ ಹೇಳುತ್ತೇನೆ: ಉಸ್ತುವಾರಿಗೆ.

ಈಗ ಒಂದು ಕಂಬದ ಕತೆ. ನನ್ನ ಮನೆಯವರಿಗೆ ಇದನ್ನು ಕೇಳಿ ಕೇಳಿ ಬೇಜಾರಾಗಿದೆ, ನೀವು ಮೊದಲ ಸಲ ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ.

ವೈತಂಗಿಯಲ್ಲಿ ಎಲ್ಲರಿಗಿಂತ ಮೊದಲು ಸಹಿ ಹಾಕಿದವನು ಹೋನೆ ಹೇಕೆ. ಕೊಲ್ಲಿಯ ಆಚೆ ದಡದಲ್ಲಿ ಕೊರೊರಾರೆಕಾ ಅನ್ನುವ ಬಂದರು. ಅಲ್ಲಿಯ ಗುಡ್ಡದ ಮೇಲೆ ಒಂದು ಬಾವುಟದ ಕಂಬ. ಕಂಬ ಕೊಟ್ಟವನು ಹೇಕೆಯೇ, ತಮ್ಮವರ ಬಾವುಟ ಹಾರಲಿ ಅಂತ. ಹಾರಿದ್ದು ಬ್ರಿಟಿಷ್ ಬಾವುಟ. ಅದರ ಹಿಂದೆಯೇ ಸುಂಕ ಬಂತು. ಹಡಗುಗಳಿಂದ ಮಾವೊರಿಗಳಿಗೆ ಬರುತ್ತಿದ್ದ ಕಾಸು ಸರ್ಕಾರಕ್ಕೆ ಹೋಗತೊಡಗಿತು. ಹಡಗುಗಳೂ ಕಡಿಮೆಯಾದವು. ರಾಜಧಾನಿ ಆಕ್ಲೆಂಡಿಗೆ ಎದ್ದು ಹೋಯಿತು. ಇದೆಂಥ ಉಸ್ತುವಾರಿ ಅಂತ ಹೇಕೆಗೆ ಅನ್ನಿಸಿತು.

1844ರ ಜುಲೈಯಲ್ಲಿ ಅವನ ಕಡೆಯವರು ಕಂಬ ಕಡಿದರು. ಸರ್ಕಾರ ಇನ್ನೊಂದು ನೆಟ್ಟಿತು. 1845ರ ಜನವರಿಯಲ್ಲಿ ಅದನ್ನೂ ಕಡಿದರು. ಮತ್ತೆ ನೆಟ್ಟರು. ಅದೇ ತಿಂಗಳು ಮತ್ತೆ ಕಡಿದರು! ನಾಲ್ಕನೆಯದಕ್ಕೆ ಹಡಗಿನ ಕೂವೆಮರವನ್ನೇ ತಂದು, ಬುಡಕ್ಕೆ ಕಬ್ಬಿಣ ಹೊದಿಸಿ, ಸಿಪಾಯಿಗಳನ್ನು ಕಾವಲಿಟ್ಟರು. ಮಾರ್ಚ್ 11ರಂದು ಅದೂ ಉರುಳಿತು. ಅವತ್ತು ಊರೂ ಹೊತ್ತಿ ಉರಿಯಿತು, ಬಿಳಿಯರು ಹಡಗು ಹತ್ತಿ ಆಕ್ಲೆಂಡಿಗೆ ಹೋದರು. ಊರಿನ ಚರ್ಚನ್ನು ಸುಡಲಿಲ್ಲ. ಅದರ ಹಲಗೆಗಳಲ್ಲಿ ಗುಂಡಿನ ತೂತುಗಳು ಇವತ್ತಿಗೂ ಇವೆ.

ಸುಮ್ನೆ ಒಂದು ಮರಕ್ಕೆ ಇಷ್ಟು ಹಟ ಯಾಕೆ ಅಂತ ಕೆಲವರು ಕೇಳುತ್ತಾರೆ. ಆಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಅವನು ಕಡಿದಿದ್ದು ಮರವನ್ನಲ್ಲ ಸ್ವಾಮಿ, ಇಂಗ್ಲಿಷ್ ಪ್ರತಿಯ ಮೊದಲ ಕಲಮನ್ನು.

ಕಂಬದಲ್ಲೇ ಹೊತ್ತು ಹೋಯಿತು. ಮಿಕ್ಕಿದ್ದನ್ನು ಓಡಿಸಿಬಿಡುತ್ತೇನೆ. ನೆಲ ಮಾರುವುದಾದರೆ ಮೊದಲು ರಾಣಿಗೇ ಮಾರಬೇಕು ಅಂತ ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು. ಕೊಳ್ಳುವವರು ಒಬ್ಬರೇ ಆದರೆ ದರ ಏನಾಗುತ್ತದೆ ಅಂತ ಮಂಡಿಗೆ ಅಡಿಕೆ ಹಾಕುವವರಿಗೆ ನಾನು ಹೇಳಬೇಕೇ? 1848ರಲ್ಲಿ ದಕ್ಷಿಣ ದ್ವೀಪದ ಬಹುದೊಡ್ಡ ಭಾಗ 2,000 ಪೌಂಡಿಗೆ ಹೋಯಿತು. 1863ರಲ್ಲಿ ವೈಕಾಟೊ ಸೀಮೆಯ ಮೇಲೆ ಸೈನ್ಯ ನುಗ್ಗಿತು. ಆಮೇಲೆ ಅಲ್ಲಿಯ ಸುಮಾರು 12 ಲಕ್ಷ ಎಕರೆ ಜಪ್ತಿಯಾಯಿತು. 1877ರಲ್ಲಿ ಒಬ್ಬ ಮುಖ್ಯ ನ್ಯಾಯಾಧೀಶರು ಈ ಒಪ್ಪಂದಕ್ಕೆ ಬೆಲೆಯೇ ಇಲ್ಲ ಅಂದುಬಿಟ್ಟರು. ಆ ಕಾಗದಗಳನ್ನು ಸರ್ಕಾರಿ ಕಟ್ಟಡದ ನೆಲಮಾಳಿಗೆಯಲ್ಲಿ ಅಲ್ಲಲ್ಲಿ ಇಲಿ ತಿಂದವು.

1975ರಲ್ಲಿ ವೈತಂಗಿ ನ್ಯಾಯಮಂಡಳಿ ಹುಟ್ಟಿತು. ಹತ್ತು ವರ್ಷದ ಮೇಲೆ, 1840ರಿಂದ ಆದ ಅನ್ಯಾಯಗಳನ್ನೆಲ್ಲ ಕೇಳುವ ಅಧಿಕಾರ ಅದಕ್ಕೆ ಸಿಕ್ಕಿತು. ವೈಕಾಟೊ ಜನರಿಗೆ 1995ರಲ್ಲಿ 17 ಕೋಟಿ ನ್ಯೂಜಿಲೆಂಡ್ ಡಾಲರ್ ಬೆಲೆಯ ನೆಲ, ಹಣ, ಜೊತೆಗೆ ಕ್ಷಮಾಪಣೆ ಸಿಕ್ಕಿತು. ಇದನ್ನು ಕೊಡುವ ಕಾನೂನಿಗೆ ಎರಡನೆಯ ಎಲಿಜಬೆತ್ ರಾಣಿ ತಾವೇ ನ್ಯೂಜಿಲೆಂಡಿಗೆ ಬಂದು ಸಹಿ ಹಾಕಿದರು.

ಒಂದು ಪದ ಉಳಿದುಹೋಯಿತು. ಎರಡನೆಯ ಕಲಮಿನಲ್ಲಿ ‘ಬೆಲೆಬಾಳುವ ಎಲ್ಲ’ ಅಂದೆನಲ್ಲ, ಮಾವೊರಿಯಲ್ಲಿ ಅದು ‘ತಾವೊಂಗ’. ಅಜ್ಜನ ಮೀನುಬಲೆಯೂ ತಾವೊಂಗ, ಹಾಡೂ ತಾವೊಂಗ. ಹಾಗಾದರೆ ನಮ್ಮ ಭಾಷೆಯೂ ತಾವೊಂಗ ತಾನೆ ಅಂತ ಕೆಲವರು ನ್ಯಾಯಮಂಡಳಿಯ ಮುಂದೆ ನಿಂತರು. 1986ರಲ್ಲಿ ಮಂಡಳಿ ಹೌದು ಅಂದಿತು. ಮರುವರ್ಷ ಮಾವೊರಿ ಆ ದೇಶದ ಅಧಿಕೃತ ಭಾಷೆಯಾಯಿತು. ನಮಸ್ಕಾರ.