ಕಾಲುವಿ ದಂಡಿ ಮ್ಯಾಲ ಅರ್ಧ ತಾಸು

ನಮಸ್ಕಾರ್ರಿ ಎಲ್ಲಾರಿಗೂ. ನಾನು ಸಿಂಧನೂರು ತಾಲೂಕಿನ್ಯಾಗ ಭತ್ತ ಬೆಳಿಯೋ ಒಬ್ಬ ರೈತ. ಇವತ್ತು ಒಬ್ರ ಕುಂತು ವಿಚಾರ ಮಾಡೋದರ ಬಗ್ಗೆ ನಾಕು ಮಾತು ಹೇಳ್ತೀನ್ರಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಹರದು ಕೊಚ್ಕೊಂಡು ಹೋತಲ್ರಿ, ಬೆಳಗಾಗೋದ್ರಾಗ ನನ್ನ ಮೊಬೈಲ್ ತುಂಬ ಮೆಸೇಜು, ಡ್ಯಾಮ್ ಖಾಲಿ ಆಗ್ತೈತಿ, ಈ ಸಲ ಭತ್ತಕ್ಕ ನೀರಿಲ್ಲ ಅಂತ. ಒಂದು ಓದಿ ಇನ್ನೊಂದು ಓದಿ, ಮುಖಾನೂ ತೊಳೀಲಾರ್ದ, ನಾಟಿ ಹಚ್ಚೋ ಹೆಣ್ಮಕ್ಕಳಿಗೆ ಫೋನ್ ಮಾಡಿ ಬರಬ್ಯಾಡ್ರಿ ಅಂದುಬಿಟ್ಟೆ. ಸಸಿ ಮಡಿಯಾಗ ಹಂಗ ನಿಂತಿತ್ತು.

ಅತ್ತಾಗ ಡ್ಯಾಮಿನ ಮ್ಯಾಲ ಕನ್ನಯ್ಯ ನಾಯ್ಡು ಅನ್ನೋ ಹಿರಿಯ ಇಂಜಿನಿಯರ್ರು ಮತ್ತ ಅವರ ಜೊತಿಗಿದ್ದವ್ರು, ನೀರು ಪೂರಾ ಇಳಿಯೋತನಕ ಕಾಯಲಾರ್ದ, ಹರಿಯೋ ನೀರಾಗನ ಸ್ಟಾಪ್‌ಲಾಗ್, ಅಂದ್ರ ಗೇಟಿನ ಬದಲಿಗೆ ನೀರು ತಡಿಯೋ ಉಕ್ಕಿನ ಅಡ್ಡ ತಡಿ, ಇಳಿಸಿ ಒಂದು ವಾರದಾಗ ಗಂಡಿ ಮುಚ್ಚಿದ್ರು. ಎಲ್ಲಾರೂ ಗಾಬರಿಯಾಗಿದ್ದಾಗ ಅವ್ರು ಲೆಕ್ಕ ಹಾಕಿದ್ರು ನೋಡ್ರಿ, ಅದನ್ನ ನೆನಸಿದ್ರ ಈಗಲೂ ಮೈ ಝುಮ್ ಅಂತೈತಿ. ಆಮ್ಯಾಲ ಮಳಿ ಬಂತು, ಡ್ಯಾಮ್ ತಿರುಗಿ ತುಂಬ್ತು, ಕಾಲುವಿಗೆ ನೀರು ಬಂತು. ಅಷ್ಟೊತ್ತಿಗೆ ನನ್ನ ಸಸಿ ಬಲತು ಹೋಗಿತ್ತು, ಕೂಲಿ ಏರಿತ್ತು. ಮೆಸೇಜು ಕಳಿಸಿದವ್ರಿಗೆ ನಾನು ಏನೂ ಅನ್ನಂಗಿಲ್ರಿ, ಅವ್ರೂ ಹೆದರಿದ್ರು. ನನ್ನ ಹೊಲದ ನಿರ್ಧಾರ ಊರ ಮಂದಿ ಬಾಯಿಗೆ ಬಿಟ್ನಲ್ಲ, ಅದು ನನಗ ಭಾಳ ಚುಚ್ತು.

ಅವತ್ತಿನಿಂದ ದಿನಾ ಮುಂಜಾನಿ ಮೊಬೈಲ್ ಮನಿಯಾಗ ಇಟ್ಟು ಕಾಲುವಿ ದಂಡಿ ಮ್ಯಾಲ ಅರ್ಧ ತಾಸು ಕುಂದುರ್ತೀನಿ. ಕೈಯಾಗ ಮಗಳ ಹಳೆ ನೋಟ್‌ಬುಕ್ಕು, ಅದ್ರಾಗ ಒಂದ ಪ್ರಶ್ನೆ. ಮೊದಮೊದಲು ತಲಿಯಾಗ ಬರೇ ಸಾಲ, ಜಗಳ, ಬ್ಯಾರೆಯವ್ರ ಮಾತು ಓಡಾಡ್ತಿದ್ವು, ಎದ್ದು ಹೋಗಿಬಿಡೋಣ ಅನಸ್ತಿತ್ತು. ಎಂಟ್ಹತ್ತು ದಿನ ಹಂಗ ಕುಂತ ಮ್ಯಾಲ ಕಣ್ಣ ಮುಂದಿದ್ದದ್ದು ಕಾಣಾಕ ಹತ್ತಿತ್ರಿ.

ಕೆಳಗಿನ ಮಡಿಯಾಗ ವರ್ಷಾ ಇಳುವರಿ ಕಮ್ಮಿ. ಪಕ್ಕದವ್ರು ಹಾಕ್ತಾರಂತ ನಾನೂ ಯೂರಿಯಾ ಸುರುವ್ತಿದ್ದೆ. ಒಂದು ದಿನ ಅಲ್ಲಿ ಮಣ್ಣು ಅಂಗೈಯಾಗ ಹಿಡದು ನೋಡಿದ್ರ ಮ್ಯಾಲ ಸುಣ್ಣ ಬಳದಂಗ ಬೆಳ್ಳನ ಪದರು, ಕೆಳಗ ಪಿಚಪಿಚ ಹಸಿ. ನೀರು ಬಸಿದು ಹೋಗಾಕ ದಾರೀನ ಇಲ್ಲ, ಜೌಳು ಹಿಡದೈತಿ! ಗೊಬ್ಬರ ಎಷ್ಟು ಹಾಕಿದ್ರ ಏನಾತು? ಬ್ಯಾಸಿಗ್ಯಾಗ ಬಸಿಗಾಲುವಿ ತಗಿಸಿದೆ, ಈಗ ಆ ಮೂಲಿ ಸಾವಕಾಶ ಸುಧಾರಸಾಕ ಹತ್ತೈತಿ.

ಇದನ್ನ ಮನಿಯಾಗ ಹೇಳಿದ್ರ ನಮ್ಮಾಕಿ ರೊಟ್ಟಿ ಬಡಿಯೋದು ನಿಲ್ಲಿಸಿ, "ನಿಮಗ ಕಾಲುವಿ ದಂಡಿ ಐತಿ, ನನಗ ಯಾವಾಗ ಕುಂದ್ರಾಕ ಬಿಡ್ತೀರಿ?" ಅಂದ್ಲು. ನನ್ನ ಬಾಯಾಗ ಮಾತು ಬರಲಿಲ್ರಿ. ಈಗ ಐತವಾರ ಸಂಜಿಕಿ ಎಮ್ಮಿ ಹಿಂಡೋದು, ಚಾ ಮಾಡೋದು ಎಲ್ಲಾ ನಂದು, ಆಕಿ ಮಾಳಿಗಿ ಮ್ಯಾಲ ಒಬ್ಬಾಕಿನ ಕುಂದುರ್ತಾಳ, ಯಾರೂ ಕೂಗಂಗಿಲ್ಲ.

ಹೋದ ವಾರ ಕೆಳಗ ಇಳದು ಬಂದಾಕಿ, "ಮಗಳಿಗೆ ಸೈನ್ಸ್ ಕೊಡಸ್ತೀವಿ ಅಂತ ಊರಿಗೆಲ್ಲಾ ಹೇಳೀವಿ, ಆಕಿನ್ನ ಕೇಳೀವೇನು?" ಅಂದ್ಲು.

ಕೇಳಿದ್ದಿಲ್ಲ. ಆ ರಾತ್ರಿ ಉಣ್ಣಾಕ ಕುಂತಾಗ ಕೇಳಿದ್ವಿ.