ಬಿಲ್ಲು ನೋಡಿ ಹೋಟೆಲು ಆರಿಸಿ

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದಲ್ಲಿ ಕಾಲೇಜು ಓದುತ್ತಾ ರೆಸ್ಟೋರೆಂಟಿನಲ್ಲಿ ಸರ್ವರ್ ಕೆಲಸ ಹಿಡಿಯಬೇಕು, ಕೈತುಂಬ ಟಿಪ್ಸ್ ಬರಬೇಕು ಅಂದುಕೊಂಡಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರ ಹತ್ತಿರ ಮಾತಾಡೋಕೆ ಇವತ್ತು ಬಂದಿದ್ದೇನೆ. ಪಕ್ಕದಲ್ಲಿ ಅಪ್ಪ ಅಮ್ಮ ಇದ್ದರೆ ಅವರೂ ಕೇಳಲಿ. ಈ ದೇಶದ ರೆಸ್ಟೋರೆಂಟುಗಳಲ್ಲಿ ಟೇಬಲ್ ಒರೆಸುವುದರಿಂದ ಹಿಡಿದು ಮ್ಯಾನೇಜರ್‌ಗಿರಿಯ ತನಕ ಎಲ್ಲ ಕೆಲಸವನ್ನೂ ನಾನು ಮಾಡಿದ್ದೇನೆ. ಸರ್ವರ್‌ಗಳನ್ನು ಆರಿಸಿ ತೆಗೆದುಕೊಳ್ಳುವುದು ಈಗಲೂ ನನ್ನ ಕೆಲಸ.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಎಫ್-1 ವೀಸಾದಲ್ಲಿ ಓದಲು ಬಂದವರಿಗೆ ಈ ಕೆಲಸ ಇಲ್ಲ. ಅವರಿಗೆ ಕ್ಯಾಂಪಸ್ಸಿನ ಒಳಗೆ, ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ, ಅಷ್ಟೇ. 'ಕ್ಯಾಶ್ ಕೊಡ್ತೀವಿ, ಯಾರಿಗೂ ಗೊತ್ತಾಗಲ್ಲ' ಅನ್ನುವವರು ಸಿಕ್ಕೇ ಸಿಗುತ್ತಾರೆ. ದಯವಿಟ್ಟು ನಂಬಬೇಡಿ, ನಿಮ್ಮ ಓದೇ ನಿಂತುಹೋದೀತು. ಇವತ್ತಿನ ಮಾತು ಇಲ್ಲೇ ಹುಟ್ಟಿದವರಿಗೆ, ಸಿಟಿಜನ್ ಆದವರಿಗೆ, ಗ್ರೀನ್ ಕಾರ್ಡ್ ಇರುವವರಿಗೆ.

ನಾನು ಹೇಳಬೇಕಾದ್ದು ಒಂದೇ. ಟಿಪ್ಸ್ ಬರುವುದು ಬಿಲ್ಲಿನ ಮೇಲೆ. ಗಿರಾಕಿ ಶೇಕಡಾ 15 ಕೊಡಲಿ, 20 ಕೊಡಲಿ, ಅದು ಬಿಲ್ಲಿನ ಶೇಕಡಾ. 40 ಡಾಲರ್ ಬಿಲ್ಲಿಗೂ 120 ಡಾಲರ್ ಬಿಲ್ಲಿಗೂ ನೀವು ಅದೇ ನಗು ನಗುತ್ತೀರಿ, ಅದೇ ನೀರು ಕೊಡುತ್ತೀರಿ, ಅದೇ ತಟ್ಟೆ ಎತ್ತುತ್ತೀರಿ. ಹಾಗಾಗಿ ಮೊದಲು ಬಿಲ್ಲು ನೋಡಿ, ಆಮೇಲೆ ಅರ್ಜಿ ಹಾಕಿ.

ಹುಡುಗರು ನನ್ನನ್ನು ಮೊದಲು ಕೇಳುವ ಪ್ರಶ್ನೆ, ಗಂಟೆಗೆ ಸಂಬಳ ಎಷ್ಟು ಅಂತ. ಟಿಪ್ಸ್ ಇರುವ ಕೆಲಸಕ್ಕೆ ಮಾಲೀಕ ಕೊಡಲೇಬೇಕಾದ ಕನಿಷ್ಠ ಸಂಬಳ ಕೇಂದ್ರ ಕಾನೂನಿನಲ್ಲಿ ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಇವತ್ತಿಗೂ ಅಷ್ಟೇ. ಟಿಪ್ಸ್ ಸೇರಿಸಿಯೂ ಗಂಟೆಗೆ 7 ಡಾಲರ್ 25 ಸೆಂಟ್, ಅಂದರೆ ಕೇಂದ್ರದ ಸಾಮಾನ್ಯ ಕನಿಷ್ಠ ಸಂಬಳ, ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಬೇಕು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗಾನ್, ಮಿನ್ನೆಸೋಟದಂಥ ಕೆಲವು ರಾಜ್ಯಗಳಲ್ಲಿ ಮಾತ್ರ ರಾಜ್ಯದ ಪೂರ್ತಿ ಕನಿಷ್ಠ ಸಂಬಳ ಕೊಟ್ಟು, ಟಿಪ್ಸ್ ಅದರ ಮೇಲೆ. ನೀವು ಯಾವ ರಾಜ್ಯದಲ್ಲೇ ಇರಿ, ಸಂಬಳ ನೋಡಿ ಹೋಟೆಲು ಆರಿಸಿದರೆ ಕೆಟ್ಟಿರಿ. ಬಿಲ್ಲು ನೋಡಿ.

ಈಗ ಒಬ್ಬ ಹುಡುಗನ ಕಥೆ ಹೇಳಬೇಕು. ನನಗೆ ಬಹಳ ಇಷ್ಟವಾದ ಕಥೆ ಇದು. ಕನ್ನಡದವರ ಮನೆಯ ಹುಡುಗ, ಕಾಲೇಜಿನ ಎರಡನೇ ವರ್ಷ. ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ, ಊಟದ ಗಲಾಟೆ ಮುಗಿದು ನಾವೆಲ್ಲ ಕೂತು ಫೋರ್ಕು, ಚಾಕುಗಳನ್ನು ನ್ಯಾಪ್ಕಿನ್ನಿನಲ್ಲಿ ಸುತ್ತುತ್ತಿದ್ದಾಗ ಬಂದ. ಇಸ್ತ್ರಿ ಮಾಡಿದ ಕಪ್ಪು ಶರ್ಟು, ಕೈಯಲ್ಲಿ ಒಂದು ನೋಟ್‌ಪುಸ್ತಕ. 'ಅಂಕಲ್, ಸರ್ವರ್ ಕೆಲಸಕ್ಕೆ ಕೇಳೋಣ ಅಂತ ಬಂದೆ' ಅಂದ. ಹಿಂದೆ ಎಲ್ಲಿ ಮಾಡಿದ್ದೀಯಪ್ಪಾ ಅಂದರೆ ಎಲ್ಲೂ ಇಲ್ಲ. 'ಹಾಗಾದರೆ ಇಲ್ಲಿಗೇ ಯಾಕೆ ಬಂದೆ?' ಅಂದೆ. ನೋಟ್‌ಪುಸ್ತಕ ತೆರೆದು ಮುಂದಿಟ್ಟ.

ಆ ಹುಡುಗ ಮಾಡಿದ್ದೇನು ಗೊತ್ತೇ? ಊರಿನ ಮೂರು ರೆಸ್ಟೋರೆಂಟುಗಳಿಗೆ ಹೋಗಿ ಒಂದು ಸೂಪೋ ಕಾಫಿಯೋ ತೆಗೆದುಕೊಂಡು ಮೂಲೆಯಲ್ಲಿ ಕೂತಿದ್ದಾನೆ. ಅಕ್ಕಪಕ್ಕದ ಟೇಬಲ್‌ಗಳಿಗೆ ಏನೇನು ಬಂತು, ಮೆನುವಿನಲ್ಲಿ ಅದಕ್ಕೆಷ್ಟು, ಎಷ್ಟು ಹೊತ್ತು ಕೂತರು, ಎಲ್ಲ ಬರೆದುಕೊಂಡಿದ್ದಾನೆ. ಒಂದು ಪುಟದಲ್ಲಿ ಬೆಳಗಿನ ತಿಂಡಿಯ ಹೋಟೆಲು: ಬಿಲ್ಲು ಸುಮಾರು 40 ಡಾಲರ್, 40 ನಿಮಿಷಕ್ಕೆ ಜನ ಎದ್ದು ಹೋಗುತ್ತಾರೆ. ಶೇಕಡಾ 20 ಹಿಡಿದರೆ ಟೇಬಲ್ಲಿಗೆ 8 ಡಾಲರ್, ಗಂಟೆಯ ಲೆಕ್ಕದಲ್ಲಿ 12. ಇನ್ನೊಂದು ಪುಟದಲ್ಲಿ ನಮ್ಮದು: ರಾತ್ರಿ ಊಟ, ವೈನು ಬಿಯರು ಸೇರಿ 120 ಡಾಲರ್, ಒಂದೂವರೆ ಗಂಟೆ ಕೂರುತ್ತಾರೆ. ಟಿಪ್ಸ್ 24, ಗಂಟೆಗೆ 16. ಕೆಳಗೆ ಗೆರೆ ಎಳೆದು ಬರೆದಿದ್ದ, ನಾಲ್ಕು ಟೇಬಲ್ ನೋಡಿಕೊಂಡರೆ ಐದು ಗಂಟೆಗೆ ವ್ಯತ್ಯಾಸ 80 ಡಾಲರ್. 'ಅಲ್ಲಿ ಗಂಟೆಗೆ ಆರು ಟೇಬಲ್ಲಿಗೆ ಓಡಬೇಕು ಅಂಕಲ್, ಇಲ್ಲಿ ಮೂರೂ ಆಗಲ್ಲ. ಅಲ್ಲದೆ ಬೆಳಿಗ್ಗೆ ನನಗೆ ಕ್ಲಾಸಿರುತ್ತೆ' ಅಂದ.

ಮೂರನೆಯ ಪುಟದಲ್ಲಿದ್ದದ್ದು ಮಧ್ಯಾಹ್ನದ ಬಫೆ. ಅವರಪ್ಪನ ಪರಿಚಯದವರದೇ ಅಂತೆ, ಕೇಳಿದ್ದರೆ ಮರುದಿನವೇ ಕೆಲಸ ಸಿಗುತ್ತಿತ್ತು. ಆದರೆ ಬಫೆಯಲ್ಲಿ ಜನ ತಾವೇ ಬಡಿಸಿಕೊಳ್ಳುತ್ತಾರೆ, ಬಿಲ್ಲೂ ಸಣ್ಣದು, ಟಿಪ್ಸೂ ಸಣ್ಣದು. ಈ ವಿಷಯದಲ್ಲಿ ನಮ್ಮವರ ಮೇಲೆ ನನಗೆ ಸ್ವಲ್ಪ ಬೇಸರವಿದೆ. ಪರಿಚಯದ ಅಂಕಲ್ ಹೋಟೆಲು ಅಂತ ಮಕ್ಕಳನ್ನು ಕಳಿಸಿಬಿಡುತ್ತಾರೆ, ಆ ಮಕ್ಕಳು ವರ್ಷಗಟ್ಟಲೆ ಬಫೆ ತಟ್ಟೆ ಎತ್ತುತ್ತಾ ಇರುತ್ತಾರೆ.

ಅವನಿಗೆ ನಾನು ಸರ್ವರ್ ಕೆಲಸ ಕೊಡಲಿಲ್ಲ. ಅನುಭವ ಇಲ್ಲದವರ ಕೈಗೆ ಶುಕ್ರವಾರ ರಾತ್ರಿಯ ಸೆಕ್ಷನ್, ಅಂದರೆ ಒಬ್ಬ ಸರ್ವರ್ ನೋಡಿಕೊಳ್ಳುವ ಟೇಬಲ್‌ಗಳ ಗುಂಪು, ಕೊಡೋಕಾಗಲ್ಲ. ಬಸರ್ ಕೆಲಸವಿದೆ, ಟೇಬಲ್ ತೆಗೆದು ಒರೆಸಿ ಮತ್ತೆ ಜೋಡಿಸುವುದು, ಮಾಡ್ತೀಯಾ ಅಂದೆ. ಬೇರೆ ಹುಡುಗರಾದರೆ ಮುಖ ಗಂಟಿಕ್ಕಿಕೊಂಡು ಹೋಗಿ ಸಣ್ಣ ಬಿಲ್ಲಿನ ಹೋಟೆಲಿನಲ್ಲಿ ಸರ್ವರ್ ಆಗುತ್ತಿದ್ದರು. ಇವನು ಅಲ್ಲೇ ತೋಳು ಮಡಚಿದ. ಬಸರ್‌ಗೂ ಸರ್ವರ್‌ಗಳು ಟಿಪ್ಸಿನಲ್ಲಿ ಪಾಲು ಕೊಡುತ್ತಾರೆ, ಬಿಲ್ಲು ದೊಡ್ಡದಾದರೆ ಆ ಪಾಲೂ ದೊಡ್ಡದು. ಟೇಬಲ್ ತೆಗೆಯುತ್ತಲೇ ಟೇಬಲ್ ನಂಬರುಗಳು, ಮೆನು, ಯಾವ ಮಾಂಸಕ್ಕೆ ಯಾವ ವೈನು, ಎಲ್ಲ ಕಲಿತ. ಗಿರಾಕಿ ಎರಡು ತುತ್ತು ತಿಂದ ಕೂಡಲೇ ಹೋಗಿ ಹೇಗಿದೆ ಅಂತ ಕೇಳಬೇಕು, ಬಾಯ್ತುಂಬ ಇರುವಾಗಲ್ಲ ಅನ್ನುವುದನ್ನು ನಾನು ಅವನಿಗೆ ಹೇಳಿಕೊಡಲೇ ಇಲ್ಲ, ನೋಡಿಯೇ ಕಲಿತ. ಗ್ಲಾಸಿನಲ್ಲಿ ನೀರು ಅರ್ಧಕ್ಕಿಳಿದರೆ ಅವನ ಕೈ ಅಲ್ಲಿರುತ್ತಿತ್ತು. ಸೆಮಿಸ್ಟರ್ ಕಳೆಯುವಷ್ಟರಲ್ಲಿ ಸೆಕ್ಷನ್ ಕೊಟ್ಟೆ. ಶುಕ್ರವಾರ, ಶನಿವಾರ ರಾತ್ರಿ, ಭಾನುವಾರ ಸಂಜೆ, ವಾರಕ್ಕೆ ಮೂರೇ ಶಿಫ್ಟು. ಉಳಿದ ದಿನವೆಲ್ಲ ಓದು. ಮಕ್ಕಳೇ, ಇದನ್ನೇ ನಾನು ಹೇಳುತ್ತಿರುವುದು. ಸಣ್ಣ ಬಿಲ್ಲಿನ ಹೋಟೆಲಿನಲ್ಲಿ ಸರ್ವರ್ ಆಗುವುದಕ್ಕಿಂತ ದೊಡ್ಡ ಬಿಲ್ಲಿನ ಹೋಟೆಲಿನಲ್ಲಿ ಬಸರ್ ಆಗಿಯೋ, ಬಾಗಿಲಲ್ಲಿ ಬಂದವರನ್ನು ಕರೆದು ಕೂರಿಸುವ ಹೋಸ್ಟ್ ಆಗಿಯೋ ಒಳಗೆ ಹೋಗಿ.

ಹೊತ್ತು ಬಹಳ ಉಳಿದಿಲ್ಲ, ಬೇಗ ಬೇಗ ಹೇಳಿಬಿಡುತ್ತೇನೆ. ಕೆಲಸ ಕೇಳಲು ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಹೋಗಿ. ಹನ್ನೆರಡೂವರೆಗೆ, ಹಾಲ್ ತುಂಬಿರುವಾಗ ರೆಸ್ಯೂಮೆ ಹಿಡಿದು ಬಂದವರನ್ನು ಯಾವ ಮ್ಯಾನೇಜರೂ ಪ್ರೀತಿಯಿಂದ ನೋಡುವುದಿಲ್ಲ. ವಾರಾಂತ್ಯದ ರಾತ್ರಿ ಬರ್ತೀನಿ ಅಂತ ಮೊದಲೇ ಹೇಳಿ, ಪರೀಕ್ಷೆಯ ವಾರ ಬರೋಕಾಗಲ್ಲ ಅನ್ನುವುದನ್ನೂ ಮೊದಲೇ ಹೇಳಿ.

ಮದ್ಯ ಸಿಗುವ ಕಡೆ ಬಿಲ್ಲು ದೊಡ್ಡದು. ಅದನ್ನು ಟೇಬಲ್ಲಿಗೆ ಕೊಡಲು ಬಹುತೇಕ ರಾಜ್ಯಗಳಲ್ಲಿ 18 ವರ್ಷ ಆಗಿದ್ದರೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೊಂದು ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬೇಕು. ಅಪ್ಪ ಅಮ್ಮಂದಿರೇ, ಮಗಳು ವೈನ್ ಗ್ಲಾಸು ಹಿಡಿದಳು ಅಂತ ಗಾಬರಿಯಾಗಬೇಡಿ. ಅವಳು ಕುಡಿಯುತ್ತಿಲ್ಲ, ಫೀಸು ಕಟ್ಟಿಕೊಳ್ಳುತ್ತಿದ್ದಾಳೆ.

ಸಂದರ್ಶನದಲ್ಲಿ ಎರಡು ಪ್ರಶ್ನೆ ನೀವೇ ಕೇಳಿ. ಒಬ್ಬರಿಗೆ ಎಷ್ಟು ಟೇಬಲ್? ಟಿಪ್ಸಿನಲ್ಲಿ ಯಾರ್ಯಾರಿಗೆ ಎಷ್ಟು ಪಾಲು? ಬಸರ್‌ಗೆ, ಬಾರ್‌ನವರಿಗೆ ಕೊಡುವುದು ಬಹಳ ಕಡೆ ಇದೆ. ಆದರೆ ಸಿಬ್ಬಂದಿಯ ಟಿಪ್ಸಿಗೆ ಮಾಲೀಕನಾಗಲಿ ಮ್ಯಾನೇಜರ್ ಆಗಲಿ ಕೈ ಹಾಕುವಂತಿಲ್ಲ, 2018ರಿಂದ ಕೇಂದ್ರ ಕಾನೂನೇ ಹಾಗಿದೆ. ಉತ್ತರ ಕೊಡಲು ತಡವರಿಸಿದರೆ ಎದ್ದು ಬನ್ನಿ.

ಇನ್ನು ತೆರಿಗೆ. ತಿಂಗಳಿಗೆ 20 ಡಾಲರ್ ಅಥವಾ ಹೆಚ್ಚು ಟಿಪ್ಸ್ ಬಂದರೆ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಮಾಲೀಕರಿಗೆ ಲೆಕ್ಕ ಕೊಡಬೇಕು, ಕ್ಯಾಶ್ ಆದರೂ ಸರಿ. 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರ್ ತನಕದ ಟಿಪ್ಸಿಗೆ ಕೇಂದ್ರದ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ಲೆಕ್ಕ ತೋರಿಸಿದವರಿಗೆ ಮಾತ್ರ ಅದು. ಶಿಫ್ಟು ಮುಗಿಸಿ ಏಪ್ರನ್ ಬಿಚ್ಚುವ ಮೊದಲೇ ಆ ರಾತ್ರಿಯದ್ದನ್ನು ಬರೆದಿಟ್ಟುಕೊಳ್ಳಿ. ನಮಸ್ಕಾರ.